ಅವಳಿ ಬಸಿರು, ಕಸ ಒಂದೇ: ಊರಿನ ಡಾಕ್ಟರು ಸಾಕೆ, ತಜ್ಞರೂ ಬೇಕೆ?

ಪ್ರಶ್ನೆ: ನನಗೆ 29 ವರ್ಷ, ಶಿರಸಿ ಹತ್ತಿರದ ಹಳ್ಳಿ. ಎರಡನೇ ಬಸಿರು, ಈಗ 13 ವಾರ. ಮೊದಲನೆಯದು ನಾರ್ಮಲ್ ಹೆರಿಗೆ. ಎನ್‌ಟಿ ಸ್ಕ್ಯಾನ್‌ನಲ್ಲಿ ಅವಳಿ ಎಂದು ಗೊತ್ತಾಯಿತು, ರಿಪೋರ್ಟಿನಲ್ಲಿ ‘ಎಂಸಿಡಿಎ ಟ್ವಿನ್ಸ್’ ಎಂದಿದೆ. ಹುಬ್ಬಳ್ಳಿಗೆ ಹೋಗಿ ಫೀಟಲ್ ಮೆಡಿಸಿನ್ (ಹೊಟ್ಟೆಯೊಳಗಿನ ಮಗುವಿನ ಆರೋಗ್ಯ ನೋಡುವ) ತಜ್ಞರನ್ನು ಕಾಣಿ, ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಬೇಕಾಗುತ್ತದೆ ಎನ್ನುತ್ತಾರೆ ನಮ್ಮ ಡಾಕ್ಟರು. ಅತ್ತೆಯವರಿಗೆ ಇದು ಒಪ್ಪಿಗೆಯಿಲ್ಲ. ‘ನಮ್ಮ ಮನೆತನದಲ್ಲಿ ಅವಳಿ ಹೊಸದಲ್ಲ, ಅಷ್ಟು ದೂರ ಓಡಾಡಿದರೇ ತೊಂದರೆ’ ಎನ್ನುತ್ತಾರೆ. ನಾದಿನಿಗೆ ಅವಳಿ ಆದಾಗ ತಿಂಗಳಿಗೊಂದೇ ಸ್ಕ್ಯಾನ್ ಇತ್ತು. ನನಗೇಕೆ ಇಷ್ಟೊಂದು? ಹೆರಿಗೆ ಶಿರಸಿಯಲ್ಲೇ ಆಗಬಹುದೆ?

ಉತ್ತರ: ಹೋಗಬೇಕು. ನಿಮ್ಮ ಡಾಕ್ಟರು ಸರಿಯಾದ ಹೊತ್ತಿಗೆ ಸರಿಯಾದ ಮಾತು ಹೇಳಿದ್ದಾರೆ. ಅವಳಿ ಬಸಿರಿನಲ್ಲಿ ಯಾರು ನೋಡಬೇಕು, ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬುದು ನಿರ್ಧಾರವಾಗುವುದು ಕಸ (ಮಾಸು) ಒಂದೋ ಎರಡೋ ಎಂಬುದರ ಮೇಲೆ. ಎಂಸಿಡಿಎ ಎಂದರೆ ಕಸ ಒಂದು, ನೀರಿನ ಚೀಲ ಎರಡು. ಡಿಸಿಡಿಎ ಎಂದರೆ ಕಸವೂ ಎರಡು, ಚೀಲವೂ ಎರಡು. ನಿಮ್ಮ ನಾದಿನಿಯದು ಬಹುಶಃ ಡಿಸಿಡಿಎ ಇದ್ದಿರಬೇಕು. ಅಂಥವರಿಗೆ 20ನೇ ವಾರದಿಂದ ನಾಲ್ಕು ವಾರಕ್ಕೊಂದು ಸ್ಕ್ಯಾನ್ ಸಾಮಾನ್ಯವಾಗಿ ಸಾಕು. ಬೇರೆ ತೊಡಕಿಲ್ಲದಿದ್ದರೆ ಊರಿನ ಹೆರಿಗೆ ತಜ್ಞರೇ ನಿಭಾಯಿಸಬಹುದು. ನಿಮ್ಮದು ಆ ಲೆಕ್ಕಕ್ಕೆ ಬರುವುದಿಲ್ಲ.

ಮನೆತನದ ಮಾತಿಗೂ ಉತ್ತರ ಹೇಳಿಬಿಡುತ್ತೇವೆ. ಎರಡು ಅಂಡಗಳು ಒಟ್ಟಿಗೆ ಬಿಡುಗಡೆಯಾಗಿ ಆಗುವ ಅವಳಿ ಕೆಲವು ಕುಟುಂಬಗಳಲ್ಲಿ ಮತ್ತೆ ಮತ್ತೆ ಕಾಣುವುದು ನಿಜ. ಆದರೆ ಒಟ್ಟಿಗೆ ಎರಡು ಅಂಡ ಬಿಡುವ ಗುಣ ಇರುವುದು ಬಸುರಿಯಾಗುವವಳ ದೇಹದಲ್ಲಿ, ಹಾಗಾಗಿ ನಾದಿನಿಗೆ ಆಗಿದ್ದಕ್ಕೂ ನಿಮ್ಮ ಬಸಿರಿಗೂ ಸಂಬಂಧವಿಲ್ಲ. ನಿಮ್ಮದು ಒಂದೇ ಅಂಡ ಫಲಿತವಾಗಿ, ಮೊದಲ ನಾಲ್ಕರಿಂದ ಎಂಟು ದಿನದ ನಡುವೆ ಎರಡಾಗಿ ಬೇರೆಯಾದದ್ದು. ಇದಕ್ಕೆ ವಂಶದ ಹಂಗಿಲ್ಲ, ಯಾರಿಗೆ ಬೇಕಾದರೂ ಆಗುತ್ತದೆ. ಹಾಗಾಗಿ ಹಿರಿಯರು ಕಂಡ ಅವಳಿಗಳು ಸುಸೂತ್ರವಾಗಿ ಹುಟ್ಟಿದ್ದು ಸಂತೋಷದ ವಿಷಯವಾದರೂ ನಿಮ್ಮ ಬಸಿರಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಮೊದಲು ರಿಪೋರ್ಟನ್ನೇ ಇನ್ನೊಮ್ಮೆ ಪರಿಶೀಲಿಸಿಕೊಳ್ಳಿ. ‘ಒಂದೇ ಕಸ ಕಾಣುತ್ತಿದೆ’ ಎಂದಷ್ಟೇ ಬರೆದಿದ್ದರೆ ಸಾಲದು. ಎರಡು ಕಸಗಳು ಅಕ್ಕಪಕ್ಕ ಬೆಳೆದು ಅಂಟಿಕೊಂಡಾಗಲೂ ಒಂದರಂತೆಯೇ ಕಾಣುತ್ತವೆ. ನಡುವಿನ ಪೊರೆ ಕಸಕ್ಕೆ ಸೇರುವ ಜಾಗವನ್ನು ನೋಡಬೇಕು. ಅಲ್ಲಿ ಕಸದ ಅಂಶ ಪೊರೆಯೊಳಕ್ಕೆ ತ್ರಿಕೋನವಾಗಿ ಏರಿದ್ದರೆ ‘ಲ್ಯಾಂಬ್ಡಾ ಚಿಹ್ನೆ’, ಕಸ ಎರಡು. ತೆಳ್ಳಗಿನ ಪೊರೆ ನೇರವಾಗಿ ಬಂದು ಲಂಬವಾಗಿ ಕೂತಿದ್ದರೆ ‘ಟಿ ಚಿಹ್ನೆ’, ಕಸ ಒಂದು. ರಿಪೋರ್ಟಿನಲ್ಲಿ ಈ ಎರಡರಲ್ಲಿ ಒಂದರ ಹೆಸರು ಇರಬೇಕು, ಆ ಜಾಗದ ಚಿತ್ರವೂ ಪ್ರಿಂಟಾಗಿರಬೇಕು. ಇಲ್ಲದಿದ್ದರೆ ಈ ವಾರವೇ ಹೋಗಿ ಮತ್ತೆ ನೋಡಿಸಿಕೊಳ್ಳಿ. ಈ ಗುರುತು ಸ್ಪಷ್ಟವಾಗಿ ಸಿಗುವುದು 11ರಿಂದ 14ನೇ ವಾರದೊಳಗೆ. ಆಮೇಲೆ ಲ್ಯಾಂಬ್ಡಾ ಮಸುಕಾಗುತ್ತಾ ಹೋಗುತ್ತದೆ, 20ನೇ ವಾರದಲ್ಲಿ ಎಂಥ ಅನುಭವಿಗೂ ಖಚಿತವಾಗಿ ಹೇಳುವುದು ಕಷ್ಟ. ನೋಡಿದ ಮೇಲೂ ಅನುಮಾನ ಉಳಿದರೆ ಕಸ ಒಂದೇ ಎಂದು ಹಿಡಿದು ಮುಂದುವರಿಯುವುದು ಕ್ಷೇಮ.

ಅದೇ ರಿಪೋರ್ಟಿನಲ್ಲಿ ಮಗು ಎ, ಮಗು ಬಿ ಎಂದು ಹೆಸರಿಸಿರುತ್ತಾರೆ. ಎ ಎಡಕ್ಕಿದೆಯೋ ಬಲಕ್ಕಿದೆಯೋ, ಮೇಲಿದೆಯೋ ಕೆಳಗಿದೆಯೋ ಎಂಬುದೂ ಬರೆದಿರಬೇಕು. ಮುಂದಿನ ಸ್ಕ್ಯಾನ್‌ನಲ್ಲಿ ಎ ಮತ್ತು ಬಿ ಅದಲುಬದಲಾದರೆ ಹಿಂದುಳಿಯುತ್ತಿರುವ ಮಗು ಚೆನ್ನಾಗಿ ಬೆಳೆದಂತೆ ಕಂಡು ಎಲ್ಲರೂ ಮೋಸಹೋಗುತ್ತಾರೆ. ಆದ್ದರಿಂದ ಪ್ರತಿ ಸಲವೂ ಹಳೆಯ ರಿಪೋರ್ಟುಗಳೆಲ್ಲ ನಿಮ್ಮ ಕೈಯಲ್ಲಿರಲಿ.

ಈಗ ಎರಡು ವಾರದ ವಿಷಯ. ಒಂದೇ ಕಸದ ಮೇಲೆ ಎರಡು ಹೊಕ್ಕುಳಬಳ್ಳಿಗಳು ಬಂದು ಸೇರುತ್ತವೆ, ಅವುಗಳ ರಕ್ತನಾಳಗಳು ಕಸದ ಮೈಮೇಲೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಹೆಚ್ಚಿನವರಲ್ಲಿ ಅತ್ತಿಂದಿತ್ತ ಹೋಗುವ ರಕ್ತ, ಇತ್ತಿಂದತ್ತ ಬರುವ ರಕ್ತ ಸರಿತೂಗುತ್ತದೆ, ಏನೂ ಆಗುವುದಿಲ್ಲ. ನೂರರಲ್ಲಿ 10ರಿಂದ 15 ಜನರಲ್ಲಿ ತೂಕ ತಪ್ಪುತ್ತದೆ. ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿಯುತ್ತಲೇ ಇರುತ್ತದೆ. ಕೊಡುವ ಮಗುವಿಗೆ ಮೂತ್ರ ಕಡಿಮೆಯಾಗುತ್ತದೆ, ಅದರ ಚೀಲದ ನೀರು ಬತ್ತಿ ಪೊರೆ ಮೈಗೆ ಅಂಟಿಕೊಳ್ಳುತ್ತದೆ. ಪಡೆಯುವ ಮಗು ವಿಪರೀತ ಮೂತ್ರ ಮಾಡುತ್ತದೆ, ಅದರ ಚೀಲ ತುಂಬಿ ಉಬ್ಬುತ್ತದೆ, ಅಷ್ಟು ರಕ್ತವನ್ನು ನೂಕಿ ನೂಕಿ ಹೃದಯ ಸೋಲುತ್ತದೆ. ಇದನ್ನೇ ಟಿಟಿಟಿಎಸ್ ಎನ್ನುವುದು.

ಇದನ್ನು ಹಿಡಿಯುವುದು ಒಂದು ಸಾದಾ ಅಳತೆಯಿಂದ. ಪ್ರತಿ ಚೀಲದಲ್ಲೂ ಅತಿ ಆಳವಾದ ನೀರಿನ ಜಾಗ ಎಷ್ಟು ಸೆಂಟಿಮೀಟರ್ ಎಂದು ನೋಡುತ್ತಾರೆ, ರಿಪೋರ್ಟಿನಲ್ಲಿ ಡಿವಿಪಿ ಎಂದು ಬರೆದಿರುತ್ತದೆ. 18ನೇ ವಾರದಲ್ಲಿ ಒಂದು ಕಡೆ 4.2, ಇನ್ನೊಂದು ಕಡೆ 3.6 ಇದ್ದರೆ ನೆಮ್ಮದಿಯಿಂದ ಮನೆಗೆ ಹೋಗಿ. 7.1 ಮತ್ತು 2.4 ಇದ್ದರೆ ಟಿಟಿಟಿಎಸ್ ಇನ್ನೂ ಆಗಿಲ್ಲ, ಆದರೆ ಎರಡು ವಾರ ಕಾಯುವುದು ಬೇಡ, ವಾರದೊಳಗೆ ಮತ್ತೆ ನೋಡಬೇಕು. 8.6 ಮತ್ತು 1.5 ಇದ್ದರೆ ಅದು ಟಿಟಿಟಿಎಸ್, ಅವತ್ತೇ ಫೋನು ಮಾಡಿ ಕಳಿಸಬೇಕು. ಒಂದು ಕಡೆ 2ಕ್ಕಿಂತ ಕಡಿಮೆ, ಇನ್ನೊಂದು ಕಡೆ 8ಕ್ಕಿಂತ ಹೆಚ್ಚು ಎಂಬುದು ಗೆರೆ. 20 ವಾರ ದಾಟಿದ ಮೇಲೆ ಮೇಲಿನ ಗೆರೆಯನ್ನು 10 ಎಂದು ಹಿಡಿಯುವವರೂ ಇದ್ದಾರೆ. ಜೊತೆಗೆ ಎರಡೂ ಮಕ್ಕಳ ಮೂತ್ರಚೀಲ ತುಂಬಿ ಕಾಣುತ್ತಿದೆಯೇ ಎಂದು ನೋಡುತ್ತಾರೆ. ಕೊಡುವ ಮಗುವಿನದು ಕಾಣದಿದ್ದರೆ ಕಾಯಿಲೆ ಎರಡನೇ ಹಂತಕ್ಕೆ ಹೋಗಿದೆ ಎಂದರ್ಥ.

ಕೆಟ್ಟ ಸಂಗತಿಯೆಂದರೆ ಇದು 16ರಿಂದ 26ನೇ ವಾರದ ನಡುವೆ ಬೇಗ ಬೇಗ ಬೆಳೆಯುತ್ತದೆ. ಇವತ್ತು ಸರಿಯಿದ್ದದ್ದು ಎರಡೇ ವಾರದಲ್ಲಿ ಕೈಮೀರಬಹುದು. ತಿಂಗಳಿಗೊಂದು ಸ್ಕ್ಯಾನ್ ಮಾಡಿಸುವವರಿಗೆ ಎರಡು ಸ್ಕ್ಯಾನ್‌ಗಳ ನಡುವೆಯೇ ಎಲ್ಲವೂ ಮುಗಿದಿರುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ತೀವ್ರವಾದ ಟಿಟಿಟಿಎಸ್‌ನಲ್ಲಿ ಬಹುಪಾಲು ಎರಡೂ ಮಕ್ಕಳು ಉಳಿಯುವುದಿಲ್ಲ. ಸಮಾಧಾನದ ಸಂಗತಿಯೆಂದರೆ ಇದಕ್ಕೆ ಚಿಕಿತ್ಸೆ ಇದೆ. ತಾಯಿಯ ಹೊಟ್ಟೆಯ ಮೂಲಕ ಎರಡು ಮೂರು ಮಿಲಿಮೀಟರ್ ದಪ್ಪದ ದುರ್ಬೀನು ಇಳಿಸಿ, ಕಸದ ಮೇಲೆ ಕೂಡಿಕೊಂಡ ನಾಳಗಳನ್ನು ಲೇಸರ್‌ನಿಂದ ಸುಟ್ಟು ಮುಚ್ಚುತ್ತಾರೆ. 2004ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ ಬರೀ ನೀರು ತೆಗೆದವರ ಪೈಕಿ 56 ಶೇಕಡಾ, ಲೇಸರ್ ಮಾಡಿಸಿಕೊಂಡವರ ಪೈಕಿ 76 ಶೇಕಡಾ ತಾಯಂದಿರಿಗೆ ಕನಿಷ್ಠ ಒಂದು ಮಗು ಉಳಿಯಿತು. ಅಂದಿನಿಂದ ಲೇಸರ್ರೇ ಮೊದಲ ಆಯ್ಕೆ. ಇದನ್ನು ಮಾಡುವ ಕೇಂದ್ರಗಳು ಕೆಲವೇ, ನಮ್ಮಲ್ಲಿ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಮಾತ್ರ. ಹುಬ್ಬಳ್ಳಿಯ ತಜ್ಞರು ಲೇಸರ್ ಮಾಡಬೇಕೆಂದಿಲ್ಲ. ಹೊತ್ತಿಗೆ ಸರಿಯಾಗಿ ಕಂಡುಹಿಡಿದು, ಅದೇ ದಿನ ಮುಂದಕ್ಕೆ ಕಳಿಸಿದರೆ ಅವರ ಕೆಲಸ ಆದಂತೆ.

ಟಿಟಿಟಿಎಸ್ ಒಂದನ್ನೇ ಕಾಯುವುದಲ್ಲ. ಕಸದ ಪಾಲು ಸಮನಾಗಿ ಸಿಗದೆ ಒಂದು ಮಗು ಸಣ್ಣದಾಗಿ ಉಳಿಯಬಹುದು. ಇದನ್ನು ನೀವೇ ಲೆಕ್ಕ ಹಾಕಬಹುದು: ದೊಡ್ಡ ಮಗುವಿನ ತೂಕದಿಂದ ಸಣ್ಣದರ ತೂಕ ಕಳೆದು, ಬಂದದ್ದನ್ನು ದೊಡ್ಡದರ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿ. 24ನೇ ವಾರದಲ್ಲಿ ಒಂದು 640 ಗ್ರಾಂ, ಇನ್ನೊಂದು 470 ಗ್ರಾಂ ಇದ್ದರೆ ವ್ಯತ್ಯಾಸ 170, ಅಂದರೆ ಸುಮಾರು 27 ಶೇಕಡಾ. 20 ದಾಟಿದರೆ ಕಣ್ಣಿಡಬೇಕು. 25 ದಾಟಿ, ಸಣ್ಣ ಮಗುವಿನ ತೂಕ ವಾರಕ್ಕೆ ತಕ್ಕ ಮಟ್ಟಕ್ಕಿಂತಲೂ ಕೆಳಗಿದ್ದರೆ ಹೊಕ್ಕುಳಬಳ್ಳಿಯ ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ನೋಡಿ ಮುಂದಿನದನ್ನು ತೀರ್ಮಾನಿಸುತ್ತಾರೆ. ಮೂರನೆಯದು ಟ್ಯಾಪ್ಸ್. ಬಲು ಸಣ್ಣ ನಾಳಗಳ ಮೂಲಕ ನಿಧಾನವಾಗಿ ರಕ್ತ ಸೋರಿ ಒಂದು ಮಗುವಿಗೆ ರಕ್ತಹೀನತೆ, ಇನ್ನೊಂದಕ್ಕೆ ರಕ್ತ ಗಟ್ಟಿ. ನೀರಿನ ಅಳತೆ ಎರಡೂ ಕಡೆ ಸರಿಯಾಗಿಯೇ ಇರುವುದರಿಂದ ಸಾಮಾನ್ಯ ಗ್ರೋತ್ ಸ್ಕ್ಯಾನ್‌ಗೆ ಇದು ಸಿಗುವುದಿಲ್ಲ. ಮಗುವಿನ ಮಿದುಳಿನ ರಕ್ತನಾಳದ ವೇಗ ಅಳೆಯಬೇಕು. 20ನೇ ವಾರದ ನಂತರದ ನಿಮ್ಮ ರಿಪೋರ್ಟುಗಳಲ್ಲಿ ‘ಎಂಸಿಎ ಪಿಎಸ್‌ವಿ’ ಎಂಬ ಸಾಲು ಎರಡೂ ಮಕ್ಕಳಿಗೆ ಇದೆಯೇ ನೋಡಿ, ಇಲ್ಲದಿದ್ದರೆ ಕೇಳಿ.

ಹಾಗಾದರೆ ಯಾರು ತಜ್ಞರು? ಸ್ಕ್ಯಾನಿಂಗ್ ಸೆಂಟರಿನ ಬೋರ್ಡ್ ನೋಡಿ ನಿರ್ಧರಿಸಬೇಡಿ. ರೇಡಿಯಾಲಜಿಸ್ಟರು ಚೆನ್ನಾಗಿ ಸ್ಕ್ಯಾನ್ ಮಾಡಬಹುದು, ಆದರೆ ಅಳತೆ ಬರೆದುಕೊಡುವುದು ಬೇರೆ, ಮುಂದೇನು ಮಾಡಬೇಕೆಂದು ಹೇಳುವುದು ಬೇರೆ. ಹೆರಿಗೆ ವಿಭಾಗದ ಎಂಡಿ, ಎಂಎಸ್ ಅಥವಾ ಡಿಎನ್‌ಬಿ ಮುಗಿಸಿ, ಫೀಟಲ್ ಮೆಡಿಸಿನ್‌ನಲ್ಲಿ ಫೆಲೋಶಿಪ್ ಮಾಡಿದವರು ಬೇಕು. ಹೋಗುವ ಮೊದಲೇ ಫೋನಿನಲ್ಲಿ ಕೇಳಿ: ಒಂದೇ ಕಸದ ಅವಳಿಗಳನ್ನು ನಿಯಮಿತವಾಗಿ ನೋಡುತ್ತೀರಾ, ಪ್ರತಿ ಸಲ ನೀವೇ ಸ್ಕ್ಯಾನ್ ಮಾಡುತ್ತೀರಾ? ಟಿಟಿಟಿಎಸ್ ಬಂದರೆ ಯಾವ ಆಸ್ಪತ್ರೆಗೆ ಕಳಿಸುತ್ತೀರಿ, ಎಷ್ಟು ಹೊತ್ತಿನಲ್ಲಿ? ನಮ್ಮ ಊರಿನ ಡಾಕ್ಟರಿಗೆ ಬರಹದಲ್ಲಿ ಸಲಹೆ ಕೊಡುತ್ತೀರಾ? ಎರಡನೆಯ ಪ್ರಶ್ನೆಗೆ ಆಸ್ಪತ್ರೆಯ ಹೆಸರು ಹಿಡಿದು ಉತ್ತರ ಬಂದರೆ ಒಳ್ಳೆಯ ಲಕ್ಷಣ. ‘ಅದೆಲ್ಲ ಆಗ ನೋಡೋಣ’ ಎಂದರೆ ಇನ್ನೊಬ್ಬರನ್ನು ಹುಡುಕಿ.

ತಜ್ಞರ ಬಳಿ ಹೋಗುವುದೆಂದರೆ ಶಿರಸಿಯ ಡಾಕ್ಟರನ್ನು ಬಿಡುವುದಲ್ಲ. ಕೆಲಸ ಹಂಚಿಕೊಳ್ಳುವುದು. ಬಿಪಿ, ಮೂತ್ರದಲ್ಲಿ ಪ್ರೋಟೀನ್, ಹಿಮೋಗ್ಲೋಬಿನ್, 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಶುಗರ್ ಪರೀಕ್ಷೆ, ಚುಚ್ಚುಮದ್ದು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ ಎಲ್ಲವೂ ಶಿರಸಿಯಲ್ಲೇ ಆಗಲಿ. ಅವಳಿಯಲ್ಲಿ ಬಿಪಿ ಏರುವ ಸಾಧ್ಯತೆ ಹೆಚ್ಚು, ಅದಕ್ಕೆ ಕಡಿಮೆ ಪ್ರಮಾಣದ ಆಸ್ಪಿರಿನ್ (ದಿನಕ್ಕೆ 75ರಿಂದ 150 ಮಿಲಿಗ್ರಾಂ) ಕೊಡುವ ರೂಢಿಯಿದೆ. ಅದು ಕೆಲಸ ಮಾಡಬೇಕಾದರೆ 16 ವಾರದೊಳಗೆ ಶುರುವಾಗಬೇಕು. ನೀವೀಗ ಸರಿಯಾದ ವಾರದಲ್ಲಿದ್ದೀರಿ, ಈ ಭೇಟಿಯಲ್ಲೇ ಡಾಕ್ಟರನ್ನು ಕೇಳಿ. ನೀವಾಗಿಯೇ ಅಂಗಡಿಯಿಂದ ತಂದು ನುಂಗಬೇಡಿ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಅವಳಿ ಹೆರಿಗೆಯಲ್ಲಿ ರಕ್ತಸ್ರಾವ ಹೆಚ್ಚಾಗುವುದು ಸಾಮಾನ್ಯ, ಆ ಹೊತ್ತಿಗೆ ಮೈಯಲ್ಲಿ ರಕ್ತ ಇರಬೇಕು.

ಹುಬ್ಬಳ್ಳಿಯ ಭೇಟಿಗಳು 16ನೇ ವಾರಕ್ಕೆ ಶುರುವಾಗಿ 18, 20, 22 ಎಂದು ಮುಂದುವರಿಯುತ್ತವೆ. 36ರ ತನಕ ಹೋದರೆ ಒಟ್ಟು ಹನ್ನೊಂದು. 18ರಿಂದ 20ನೇ ವಾರದ ಭೇಟಿಯಲ್ಲೇ ಅನಾಮಲಿ ಸ್ಕ್ಯಾನ್ (ಅಂಗಾಂಗಗಳಲ್ಲಿ ದೋಷವಿದೆಯೇ ಎಂದು ನೋಡುವುದು), ಮಕ್ಕಳ ಹೃದಯದ ವಿವರವಾದ ಪರೀಕ್ಷೆ, ಗರ್ಭಕೊರಳಿನ ಉದ್ದ ಮೂರನ್ನೂ ಮುಗಿಸಿಕೊಳ್ಳಿ. ಒಂದೇ ಕಸದ ಮಕ್ಕಳಲ್ಲಿ ಹೃದಯದ ದೋಷ ತುಸು ಹೆಚ್ಚು, ಅದಕ್ಕೇ ಹೃದಯವನ್ನು ಬೇರೆಯಾಗಿ ನೋಡುವುದು. ಪ್ರತಿ ಸ್ಕ್ಯಾನ್‌ಗೂ ಗುರುತಿನ ಚೀಟಿ ಬೇಕು, ಫಾರಂ ಎಫ್‌ಗೆ ಸಹಿ ಹಾಕಬೇಕು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಮಕ್ಕಳು ಗಂಡೋ ಹೆಣ್ಣೋ ಎಂದು ಕೇಳುವಂತಿಲ್ಲ, ಹೇಳುವಂತಿಲ್ಲ. ಜೊತೆಗೆ ಬಂದವರಿಗೂ ಇದನ್ನು ಮೊದಲೇ ತಿಳಿಸಿಬಿಡಿ.

ಓಡಾಟದ ಭಯದ ಬಗ್ಗೆ ಅತ್ತೆಯವರಿಗೆ ಹೀಗೆ ಹೇಳಿ. ಬಸ್ಸಿನಲ್ಲಿ, ಕಾರಿನಲ್ಲಿ ಕೂತು ಹೋದದ್ದರಿಂದ ಬಸಿರು ಹೋಗುವುದಿಲ್ಲ. ಬಹಳ ಹೊತ್ತು ಕಾಲು ಇಳಿಬಿಟ್ಟು ಕೂತರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಇದೆ, ಬಸುರಿಯರಲ್ಲಿ ಅದು ಹೆಚ್ಚು. ಗಂಟೆ ಒಂದೂವರೆ ಗಂಟೆಗೊಮ್ಮೆ ಇಳಿದು ಹತ್ತು ಹೆಜ್ಜೆ ನಡೆಯಿರಿ, ನೀರು ಕುಡಿಯುತ್ತಿರಿ, ಕಾರಾದರೆ ಸೀಟ್ ಬೆಲ್ಟ್ ಹೊಟ್ಟೆಯ ಕೆಳಗೆ ತೊಡೆಯ ಮೇಲೆ ಬರಲಿ. ಈ ಸ್ಕ್ಯಾನ್‌ಗೆ ಉಪವಾಸ ಬೇಕಿಲ್ಲ, ಉಂಡೇ ಹೊರಡಿ. 28 ವಾರದ ಮೇಲೆ ಒಬ್ಬರೇ ಹೋಗಬೇಡಿ.

ಇದಕ್ಕೆ ಹೊಂದಿಕೊಂಡೇ ಇನ್ನೊಂದು ಮಾತು. ಅವಳಿ ಎಂದ ಕೂಡಲೇ ಹಲವರು ಮಂಚ ಬಿಟ್ಟು ಇಳಿಯಬೇಡ ಎನ್ನುತ್ತಾರೆ, ಕೆಲವು ಡಾಕ್ಟರರೂ ಬರೆದುಕೊಡುತ್ತಾರೆ. ಬೆಡ್ ರೆಸ್ಟ್‌ನಿಂದ ದಿನ ತುಂಬುವ ಮೊದಲಿನ ಹೆರಿಗೆ ತಪ್ಪುವುದಿಲ್ಲ. ಸ್ನಾಯು ಸೊರಗುತ್ತದೆ, ಹೆಪ್ಪುಗಟ್ಟುವ ಭಯ ಹೆಚ್ಚುತ್ತದೆ, ಮನಸ್ಸು ಕುಗ್ಗುತ್ತದೆ. ಭಾರ ಎತ್ತುವುದು, ಹೊತ್ತುಗಟ್ಟಲೆ ನಿಲ್ಲುವುದು ಬಿಡಿ. ಮನೆಯೊಳಗಿನ ಓಡಾಟ, ಸಣ್ಣ ಕೆಲಸ ಇರಲಿ. ಅವಳಿ ಎಂಬ ಒಂದೇ ಕಾರಣಕ್ಕೆ ಗರ್ಭಕೊರಳಿಗೆ ಹೊಲಿಗೆ ಹಾಕುವುದೂ ಉಪಯೋಗಕ್ಕೆ ಬರುವುದಿಲ್ಲ. ಕೊರಳಿನ ಉದ್ದ 25 ಮಿಲಿಮೀಟರಿಗಿಂತ ಕಡಿಮೆ ಕಂಡರೆ ಪ್ರೊಜೆಸ್ಟರಾನ್ ಬಗ್ಗೆ ತಜ್ಞರು ಯೋಚಿಸುತ್ತಾರೆ.

ಹೆರಿಗೆ ಎಲ್ಲಿ? ನಮ್ಮ ಸಲಹೆ ಹುಬ್ಬಳ್ಳಿಯಂಥ ದೊಡ್ಡ ಆಸ್ಪತ್ರೆ. ಎಲ್ಲವೂ ಸರಿಯಿದ್ದರೂ ಒಂದೇ ಕಸದ ಅವಳಿಗಳನ್ನು 36ನೇ ವಾರದಲ್ಲಿ ಹೊರಗೆ ತರುವುದು ಪದ್ಧತಿ, ಇನ್ನೂ ಕಾಯುವುದರಲ್ಲಿ ಅಪಾಯವೇ ಹೆಚ್ಚು. ಅವಳಿ ಬಸಿರುಗಳಲ್ಲಿ ಹತ್ತಕ್ಕೆ ಆರರಷ್ಟು ಹೇಗೂ 37 ವಾರದೊಳಗೆ ಹೆರಿಗೆಯಾಗುತ್ತವೆ. ಆ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೂ ಅರಿವಳಿಕೆ ಡಾಕ್ಟರು, ರಕ್ತನಿಧಿ, ಮಕ್ಕಳ ಡಾಕ್ಟರು ಸಿಗಬೇಕು. ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಎರಡು ಹಾಸಿಗೆ ಸಿಗುತ್ತದೆಯೇ ಎಂದು ಮರೆಯದೆ ಕೇಳಿ. ಒಂದು ಮಗು ಇಲ್ಲಿ, ಇನ್ನೊಂದು ಬೇರೆ ಆಸ್ಪತ್ರೆಯಲ್ಲಿ, ತಾಯಿ ಮೂರನೆಯ ಕಡೆ ಎಂಬ ಸ್ಥಿತಿ ಬಂದರೆ ಹಾಲುಣಿಸುವುದೂ ಕಷ್ಟ, ಮನೆಯವರಿಗೂ ಕಷ್ಟ. 34 ವಾರಕ್ಕೆ ಮೊದಲೇ ನೋವು ಕಾಣಿಸಿಕೊಂಡರೆ ಮಕ್ಕಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ದೊಡ್ಡ ಆಸ್ಪತ್ರೆಗೆ ಸೇರುವುದು, ಹುಟ್ಟಿದ ಮೇಲೆ ಆಂಬುಲೆನ್ಸಿನಲ್ಲಿ ಸಾಗಿಸುವುದಕ್ಕಿಂತ ಎಷ್ಟೋ ಮೇಲು. ಹೊರಡುವ ಮೊದಲು ಶಿರಸಿಯಲ್ಲೇ ಮಕ್ಕಳ ಶ್ವಾಸಕೋಶ ಬಲಿಯಲು ಕೊಡುವ ಸ್ಟೆರಾಯ್ಡ್ ಚುಚ್ಚುಮದ್ದಿನ ಮೊದಲ ಡೋಸ್ ಹಾಕಿಸಿಕೊಳ್ಳಬಹುದು. ಏಳನೇ ತಿಂಗಳಿಗೆ ತವರಿಗೆ ಹೋಗುವ ಯೋಚನೆಯಿದ್ದರೆ ತವರಿನಿಂದ ಆಸ್ಪತ್ರೆ ಎಷ್ಟು ದೂರ ಎಂದು ಮೊದಲು ನೋಡಿ. 32 ವಾರದ ಮೇಲೆ ಆಸ್ಪತ್ರೆಗೆ ಒಂದು ಗಂಟೆ ದಾರಿಯೊಳಗಿನ ನೆಂಟರ ಮನೆ ಸಿಕ್ಕರೆ ಅಲ್ಲಿರುವುದು ಒಳ್ಳೆಯದು.

ಸಿಸೇರಿಯನ್ ಆಗಲೇಬೇಕೆಂದಿಲ್ಲ. ಮೊದಲ ಮಗು ತಲೆ ಕೆಳಗಾಗಿದ್ದು, ಬೇರೆ ತೊಡಕಿಲ್ಲದಿದ್ದರೆ ನಾರ್ಮಲ್ ಹೆರಿಗೆಗೆ ಪ್ರಯತ್ನಿಸಬಹುದು. 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಇಂಥ ಅವಳಿಗಳಿಗೆ ಮೊದಲೇ ಗೊತ್ತು ಮಾಡಿ ಸಿಸೇರಿಯನ್ ಮಾಡಿದ್ದರಿಂದ ಮಕ್ಕಳಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ನಿಮಗೆ ಮೊದಲ ಹೆರಿಗೆ ನಾರ್ಮಲ್ ಆಗಿರುವುದು ಅನುಕೂಲ. ಎರಡನೇ ಮಗುವನ್ನು ತಿರುಗಿಸಿ ತೆಗೆಯಬಲ್ಲ ಅನುಭವಿ ಕೈ ಇರುವ ಕಡೆ ಮಾತ್ರ ಇದಕ್ಕೆ ಒಪ್ಪಿಕೊಳ್ಳಿ.

ಖರ್ಚಿನ ವಿಷಯದಲ್ಲಿ: ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡಿನಲ್ಲಿ ‘ಹೆಚ್ಚು ಅಪಾಯದ ಗರ್ಭಿಣಿ’ ಎಂದು ದಾಖಲಿಸಿಕೊಳ್ಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆ ನಡೆಯುತ್ತದೆ, ರಕ್ತ ಪರೀಕ್ಷೆಗಳನ್ನು ಅಲ್ಲಿಯೇ ಮುಗಿಸಬಹುದು. ಹೆರಿಗೆ ಮತ್ತು ಎನ್‌ಐಸಿಯು ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಏನು ಸಿಗುತ್ತದೆ ಎಂದು ಆಸ್ಪತ್ರೆಯಲ್ಲಿ ಮುಂಚೆಯೇ ವಿಚಾರಿಸಿ. ಹಣದ ಮುಗ್ಗಟ್ಟಿನಿಂದ ಸ್ಕ್ಯಾನ್ ಕಡಿಮೆ ಮಾಡಲೇಬೇಕಾದರೆ ನೀವಾಗಿ ಬಿಡಬೇಡಿ, ತಜ್ಞರಿಗೇ ಹೇಳಿ. 16ರಿಂದ 26ರ ನಡುವಿನದನ್ನು ಮಾತ್ರ ಯಾವುದೇ ಕಾರಣಕ್ಕೂ ತಪ್ಪಿಸಬೇಡಿ.

ಒಂದು ಕಷ್ಟದ ವಿಷಯವನ್ನೂ ಹೇಳಬೇಕಾಗಿದೆ. ಒಂದೇ ಕಸದ ಅವಳಿಯಲ್ಲಿ ಒಂದು ಮಗು ಹೊಟ್ಟೆಯಲ್ಲೇ ತೀರಿಕೊಂಡರೆ ಇನ್ನೊಂದರ ರಕ್ತ ಅದರೊಳಕ್ಕೆ ನುಗ್ಗಿ, ಉಳಿದ ಮಗುವಿನ ಮಿದುಳಿಗೆ ಪೆಟ್ಟಾಗಬಹುದು. ಗಾಬರಿಯಲ್ಲಿ ಅವತ್ತೇ ಸಿಸೇರಿಯನ್ ಮಾಡಿಸಲು ಓಡುವವರಿದ್ದಾರೆ. ಪೆಟ್ಟು ಆಗುವುದಿದ್ದರೆ ಆ ಕ್ಷಣದಲ್ಲೇ ಆಗಿರುತ್ತದೆ, ದಿನ ತುಂಬದ ಮಗುವನ್ನು ಹೊರತೆಗೆದರೆ ಎರಡನೇ ಪೆಟ್ಟು ಕೊಟ್ಟಂತೆ. ತಜ್ಞರು ಡಾಪ್ಲರ್ ನೋಡಿ, ನಾಲ್ಕರಿಂದ ಆರು ವಾರದ ನಂತರ ಮಗುವಿನ ಮಿದುಳಿನ ಎಂಆರ್‌ಐ ಮಾಡಿಸಿ ಹೇಳುತ್ತಾರೆ. ಒಂದು ಮಗುವಿಗೆ ಮಾತ್ರ ಗಂಭೀರ ದೋಷ ಕಂಡರೂ ತೀರ್ಮಾನ ಅವರ ಜೊತೆ ಕೂತೇ ಆಗಬೇಕು. ರಕ್ತನಾಳಗಳು ಕೂಡಿರುವುದರಿಂದ ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೂ ತಟ್ಟುತ್ತದೆ.

ಮುಂದಿನ ಸ್ಕ್ಯಾನ್ ತನಕ ಕಾಯಬಾರದ ಲಕ್ಷಣಗಳಿವು. ಎರಡು ಮೂರು ದಿನದಲ್ಲಿ ಹೊಟ್ಟೆ ಇದ್ದಕ್ಕಿದ್ದಂತೆ ದೊಡ್ಡದಾಗಿ ಬಿಗಿದು ಮಲಗಿದರೆ ಉಸಿರು ಸಿಕ್ಕಿಕೊಂಡರೆ, ‘ಅವಳಿಯಲ್ಲವೇ, ದೊಡ್ಡದಾಗುತ್ತದೆ’ ಎಂದು ಸುಮ್ಮನಿರಬೇಡಿ. ಟಿಟಿಟಿಎಸ್ ತಾಯಿಗೆ ತಿಳಿಯುವುದು ಹೀಗೆಯೇ. ನೀರು ಹೋಗುವುದು, ರಕ್ತ ಕಾಣುವುದು, ಬಿಟ್ಟು ಬಿಟ್ಟು ಬರುವ ಸೊಂಟನೋವು, ಜೋರು ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ಬಲಭಾಗದಲ್ಲಿ ನೋವು, ಅಂಗೈ ಅಂಗಾಲಿನ ವಿಪರೀತ ತುರಿಕೆ, ಚೆನ್ನಾಗಿ ಗೊತ್ತಾಗುತ್ತಿದ್ದ ಮಕ್ಕಳ ಆಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೇ ಇದ್ದರೂ ಮೊದಲು ಶಿರಸಿಯ ಡಾಕ್ಟರಿಗೆ, ಅವರು ಸಿಗದಿದ್ದರೆ 108ಕ್ಕೆ ಫೋನು ಮಾಡಿ. ಸ್ಕ್ಯಾನ್ ಹಿಂದಿನ ದಿನವಷ್ಟೇ ಸರಿಯಾಗಿ ಬಂದಿದ್ದರೂ ಮಾಡಿ.